ಸೊಂಟನೋವು: ನಿಮ್ಮ ಅಡುಗೆ ಕಟ್ಟೆ ಯಾರ ಅಳತೆಯದು?

ಕಾಫಿ ಕುಯ್ಲು ಶುರುವಾಯಿತೆಂದರೆ ಕಳಸ, ಹೊರನಾಡು, ಮೂಡಿಗೆರೆ ಸೀಮೆಯ ಮನೆಗಳಲ್ಲಿ ಸೊಂಟನೋವಿನ ಮಾತೂ ಶುರುವಾಗುತ್ತದೆ. ದಿನವಿಡೀ ಇಳಿಜಾರಿನಲ್ಲಿ ನಿಂತು ಹಣ್ಣು ಕೊಯ್ದು, ಸಂಜೆ ಮೂಟೆಯನ್ನು ತೂಕದ ಜಾಗಕ್ಕೆ ಹೊತ್ತು ತಂದು, ಮನೆಗೆ ಬಂದು ಮತ್ತೆ ಒಲೆಯ ಮುಂದೆ ನಿಲ್ಲುವ ಹೆಂಗಸರಿಗೆ ಈ ನೋವು ಹೊಸದಲ್ಲ. ‘ವಯಸ್ಸಾಯಿತು’, ‘ವಾಯು ಹಿಡಿದಿದೆ’ ಎಂದು ಎಣ್ಣೆ ತಿಕ್ಕಿಸಿಕೊಂಡು, ಅಂಗಡಿಯಿಂದ ಎರಡು ಮಾತ್ರೆ ತರಿಸಿ ನುಂಗಿ ಸುಮ್ಮನಾಗುತ್ತಾರೆ. ದೋಷ ದೇಹದ್ದೋ, ಕೆಲಸ ಮಾಡುವ ಜಾಗದ್ದೋ ಎಂದು ವಿಚಾರಿಸುವವರು ಕಡಿಮೆ.

ನಿಮ್ಮ ತೋಟದ ಅರೇಬಿಕಾ ಗಿಡವನ್ನೇ ನೋಡಿ. ಅದನ್ನು ಅದರ ಪಾಡಿಗೆ ಬಿಟ್ಟರೆ ಎರಡಾಳು ಎತ್ತರಕ್ಕೆ ಬೆಳೆದೀತು. ಆದರೆ ಮೊದಲು ಎರಡೂವರೆ–ಮೂರು ಅಡಿಯಲ್ಲಿ, ಮುಂದೆ ನಾಲ್ಕೂವರೆ–ಐದು ಅಡಿಯಲ್ಲಿ ಅದರ ನೆತ್ತಿ ಕತ್ತರಿಸಿ ನಿಲ್ಲಿಸುತ್ತೇವೆ. ಅಡ್ಡ ಕೊಂಬೆಗಳು ಬಲಿಯಲಿ ಎಂಬುದು ಒಂದು ಕಾರಣ. ಕೊಯ್ಯುವ, ಔಷಧಿ ಹೊಡೆಯುವ ಕೈಗೆ ಗಿಡ ಎಟುಕಲಿ ಎಂಬುದು ಇನ್ನೊಂದು. ಕೆಲಸವನ್ನು, ಉಪಕರಣವನ್ನು, ಜಾಗವನ್ನು ಮನುಷ್ಯನ ಅಳತೆಗೆ ಹೊಂದಿಸುವ ಈ ವಿದ್ಯೆಗೆ ಅರ್ಗೊನಾಮಿಕ್ಸ್ ಎಂದು ಹೆಸರು. ಗಿಡವನ್ನೇ ಆಳಿನ ಎತ್ತರಕ್ಕೆ ತಂದ ನಾವು ಅಡುಗೆ ಕಟ್ಟೆಯ ಎತ್ತರವನ್ನು ಮಾತ್ರ ಗಾರೆ ಮೇಸ್ತ್ರಿಯ ಇಷ್ಟಕ್ಕೆ ಬಿಟ್ಟಿದ್ದೇವೆ!

ಬಗ್ಗಿ ಕೆಲಸ ಮಾಡಿದರೆ ಆಗುವುದೇನು? ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಸೊಂಟದ ಬಿಲ್ಲೆಯೊಳಗೆ ಸೂಜಿ ಇಳಿಸಿ ಒತ್ತಡವನ್ನು ಅಳೆಯತೊಡಗಿದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಎಂದು ಹಿಡಿದರೆ, ಮುಂದಕ್ಕೆ ಬಾಗಿ ನಿಂತಾಗ ಅದು ಸುಮಾರು 150. ಬಾಗಿ, ಕೈಯಲ್ಲಿ ಭಾರ ಹಿಡಿದರೆ 220. ಅಂಗಾತ ಮಲಗಿದಾಗ ಕೇವಲ 25. ದಿನಕ್ಕೆ ಎಷ್ಟು ಹೊತ್ತು ನೀವು 150ರಲ್ಲಿ ಇರುತ್ತೀರಿ ಎಂದು ಲೆಕ್ಕ ಹಾಕಿ ನೋಡಿ.

ಈಗ ಅಡುಗೆಮನೆಗೆ ಬನ್ನಿ. ಬರಿಗಾಲಿನಲ್ಲಿ ನೆಟ್ಟಗೆ ನಿಂತು, ತೋಳನ್ನು ಪಕ್ಕೆಗೆ ತಾಗಿಸಿ ಮೊಣಕೈ ಮಡಿಸಿ. ನೆಲದಿಂದ ಮೊಣಕೈವರೆಗಿನ ಎತ್ತರವನ್ನು ಟೇಪಿನಲ್ಲಿ ಅಳೆಯಿರಿ. ಅದರಲ್ಲಿ ನಾಲ್ಕರಿಂದ ಆರು ಅಂಗುಲ ಕಳೆದರೆ ಬರುವುದೇ ತರಕಾರಿ ಹೆಚ್ಚುವಂತಹ ಹಗುರ ಕೆಲಸಕ್ಕೆ ಒಪ್ಪುವ ಕಟ್ಟೆಯ ಎತ್ತರ. ಐದಡಿಯ ಹೆಂಗಸಿಗೆ ಮೊಣಕೈ ಸುಮಾರು 38 ಅಂಗುಲದಲ್ಲಿರುತ್ತದೆ. ಅಂದರೆ ಕಟ್ಟೆ 32ರಿಂದ 34 ಅಂಗುಲ. ಚಪಾತಿ ಹಿಟ್ಟು ನಾದಲು, ರೊಟ್ಟಿ ತಟ್ಟಲು ಮೈಭಾರ ಹಾಕಬೇಕಾದ್ದರಿಂದ ಇನ್ನೂ ಎರಡು–ಮೂರು ಅಂಗುಲ ತಗ್ಗಿದ್ದರೆ ಮೇಲು. ಗ್ಯಾಸ್ ಒಲೆಯನ್ನು ಕಟ್ಟೆಯ ಮೇಲೆಯೇ ಇಟ್ಟು, ಅದರ ಮೇಲೆ ದೊಡ್ಡ ಪಾತ್ರೆ ಏರಿಸಿದರೆ ಪಾತ್ರೆಯ ಬಾಯಿ ಎದೆಯ ಹತ್ತಿರ ಬರುತ್ತದೆ. ಆಗ ಸೌಟು ತಿರುಗಿಸಲು ಭುಜ ಎತ್ತಲೇಬೇಕು. ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಹೊಸ ಮನೆ ಕಟ್ಟಿಸುವವರು ಒಲೆಯ ಜಾಗವನ್ನು ನಾಲ್ಕೈದು ಅಂಗುಲ ಇಳಿಸಿ ಕಟ್ಟಿಸಲಿ.

ಪಾತ್ರೆ ತೊಳೆಯುವ ಸಿಂಕಿನದು ಇದರ ತಿರುಗುಮುರುಗು. ಅಲ್ಲಿ ಕೆಲಸ ನಡೆಯುವುದು ಅಂಚಿನಲ್ಲಲ್ಲ, ತಳದಲ್ಲಿ. ಆದ್ದರಿಂದ ಸಿಂಕಿನ ಅಂಚು ಕಟ್ಟೆಗಿಂತ ಎರಡು–ಮೂರು ಅಂಗುಲ ಮೇಲಿರಬೇಕು. ಈಗಾಗಲೇ ಆಳದ ಸಿಂಕ್ ಇದ್ದರೆ ಒಳಗೆ ಒಂದು ಬೋಗುಣಿ ಕವುಚಿಟ್ಟು ಅದರ ಮೇಲೆ ತೊಳೆಯಿರಿ. ಕಟ್ಟೆಯ ಬುಡದಲ್ಲಿ ಕಾಲ್ಬೆರಳು ಒಳಗೆ ತೂರುವಷ್ಟು ಜಾಗವಿರಲಿ. ಇಲ್ಲದಿದ್ದರೆ ದೂರ ನಿಂತು ಬಾಗಬೇಕಾಗುತ್ತದೆ.

ಅತ್ತೆ ಕುಳ್ಳು, ಸೊಸೆ ಎತ್ತರವಾದರೆ? ಎತ್ತರದವರ ಅಳತೆಗೆ ಕಟ್ಟಿಸಿ, ಇನ್ನೊಬ್ಬರಿಗೆ ಜಾರದ, ಅಗಲವಾದ ಮಣೆ ಹಾಕಿಕೊಡಿ. ಕುಳ್ಳಗಿರುವವರನ್ನು ಮೇಲೆತ್ತಬಹುದು, ಎತ್ತರದವರನ್ನು ಕುಗ್ಗಿಸಲಾಗದು. ಯಾರ ಅಳತೆಗೆ ಎಂಬ ಜಗಳವೂ ತಪ್ಪುತ್ತದೆ.

ತೋಟದಲ್ಲಿ ದೊಡ್ಡ ಪ್ರಶ್ನೆ ಭಾರದ್ದು. ಗಂಡಾಳೊಬ್ಬ ಹೊರುವ ಭಾರ 55 ಕಿಲೋ ಮೀರಬಾರದು, ಹೆಂಗಸರದು ಅದಕ್ಕಿಂತ ಬಹಳ ಕಡಿಮೆ ಇರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ಎತ್ತುವ ವಿಷಯದಲ್ಲಿ ಅಮೆರಿಕದ ತಜ್ಞರ ಸೂತ್ರ ಇನ್ನೂ ಬಿಗಿ: ಸಮನೆಲ, ಸೊಂಟದ ಮಟ್ಟ, ಮೈಗೆ ತಾಗಿದ ಹೊರೆ, ಎಲ್ಲವೂ ಅನುಕೂಲವಿದ್ದಾಗಲೂ 23 ಕಿಲೋ. ನಮ್ಮ ಕಾಫಿ ಚೀಲ 50 ಕಿಲೋದ್ದು, ನೆಲವೋ ಜಾರುವ ಇಳಿಜಾರು! ಹಸಿ ಹಣ್ಣನ್ನು ಅರ್ಧ ಚೀಲ ತುಂಬಿಸಿ ಎರಡು ಸಲ ಸಾಗಿಸುವುದರಲ್ಲಿ ಹೋಗುವ ಸಮಯ ಕೆಲವೇ ನಿಮಿಷ. ಮುರಿದ ಸೊಂಟದಿಂದ ಹೋಗುವುದು ಇಡೀ ಕುಯ್ಲು. ಮೂಟೆಯನ್ನು ನೆಲಕ್ಕೆ ಹಾಕದೆ, ಸೊಂಟದ ಎತ್ತರದ ದಿಬ್ಬವೋ ಕಟ್ಟೆಯೋ ಇದ್ದಲ್ಲಿ ಇಡಿಸಿ. ನೆಲದಿಂದ ತಲೆಗೆ ಏರಿಸುವಾಗಲೇ ಬೆನ್ನು ಉಳುಕುವುದು. ಇಬ್ಬರು ಸೇರಿ ಏರಿಸಲಿ. ಮುಂದೆ ಕಟ್ಟಿಕೊಂಡ ಕೊಯ್ಲಿನ ಚೀಲವನ್ನು ತುಂಬುವವರೆಗೆ ಕಾಯದೆ ಆಗಾಗ ಬರಿದು ಮಾಡಬೇಕು.

ಅಡಿಕೆ ಸುಲಿಯುವವರೂ ಇದೇ ಪಂಗಡದವರು. ಮೆಟ್ಟುಕತ್ತಿಯ ಮುಂದೆ ಗಂಟೆಗಟ್ಟಲೆ ಬಗ್ಗಿ ಕುಳಿತವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ, ಅಡಿಕೆಯ ರಾಶಿ ಕೈಯಳತೆಯಲ್ಲೇ ಇರಲಿ. ಕತ್ತಿಯ ಹಿಡಿ ತೀರ ಸಣ್ಣದಾದರೆ ಬೆರಳು ಬಿಗಿಹಿಡಿದು ಮಣಿಕಟ್ಟು ನೋಯುತ್ತದೆ. ಹಳೆಯ ಸೈಕಲ್ ಟ್ಯೂಬ್ ಸುತ್ತಿ ಒಂದೂಕಾಲು, ಒಂದೂವರೆ ಅಂಗುಲ ದಪ್ಪ ಮಾಡಿಕೊಳ್ಳಿ.

ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ದಿನಗಟ್ಟಲೆ ನುಂಗಬೇಡಿ. ಅವು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡವನ್ನು ಕೆಡಿಸಬಲ್ಲವು. ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದು ಬಲಗುಂದಿದರೆ ವೈದ್ಯರಿಗೆ ತೋರಿಸಿ. ತೊಡೆಗಳ ನಡುವೆ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರಗಳ ಮೇಲೆ ಹಿಡಿತ ತಪ್ಪಿದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಲ್ಲೆ ಜಾರಿ ನರಗಳನ್ನು ಒತ್ತುತ್ತಿರಬಹುದು. ತಡವಾದರೆ ಆ ನರಗಳು ಮತ್ತೆ ಚೇತರಿಸಿಕೊಳ್ಳದೆ ಹೋಗಬಹುದು.