ಈಡಿಪಸ್ ಕಥೆಯನ್ನು ತಾಯಿ ಹೇಳಿದಾಗ

ಕಾದಂಬರಿಕಾರರಿಗೂ ಮನೋವಿಶ್ಲೇಷಣೆಗೂ ಹಳೆಯ ಜಗಳ. 'ಲೋಲಿತಾ' ಬರೆದ ನಬೊಕೊವ್ ತನ್ನ ಮುನ್ನುಡಿಗಳಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ನ ಅನುಯಾಯಿಗಳನ್ನು ಮತ್ತೆ ಮತ್ತೆ ಹೊರಗಟ್ಟಿದ. ಎಲ್ಲರ ಬಾಳನ್ನೂ ಒಂದೇ ಬೀಗದ ಕೈಯಿಂದ ತೆರೆಯಹೊರಡುವ ಹಟ ಆತನಿಗೆ ಸಹಿಸದು. ಆ ಬೀಗದ ಕೈಗೆ ಗ್ರೀಕ್ ಕಥೆಯಲ್ಲಿ ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ಈಡಿಪಸ್‌ನ ಹೆಸರು. ನೆರೆಯ ತೆಲುಗಿನಲ್ಲಿ ಬುಚ್ಚಿಬಾಬು ಅವರ 'ಚಿವರಕು ಮಿಗಿಲೇದಿ' ಕಾದಂಬರಿಯ ನಾಯಕ ದಯಾನಿಧಿಗೂ ವಿಮರ್ಶಕರು 'ಈಡಿಪಸ್ ಕಾಂಪ್ಲೆಕ್ಸ್' ಎಂಬ ಹಣೆಪಟ್ಟಿ ಹಚ್ಚಿದರು.

ಫ್ರಾಯ್ಡ್‌ಗೆ ನಬೊಕೊವ್‌ನ ಬೈಗುಳಕ್ಕಿಂತ ಗಟ್ಟಿಯಾದ ಉತ್ತರ ಸಿಕ್ಕಿದ್ದು ಕನ್ನಡದ ಒಂದು ಜನಪದ ಕಥೆಯಲ್ಲಿ. ಅದನ್ನು ಉತ್ತರ ಕರ್ನಾಟಕದ ಹೆಂಗಸೊಬ್ಬರ ಬಾಯಿಂದ ಕೇಳಿ ಬರೆದುಕೊಂಡವರು ಎ.ಕೆ. ರಾಮಾನುಜನ್, 1978ರಲ್ಲಿ 'ಮತ್ತೊಬ್ಬನ ಆತ್ಮಚರಿತ್ರೆ' ಎಂಬ ಕಾದಂಬರಿಯನ್ನೂ ಬರೆದವರು.

ಹೆತ್ತ ಮಗನನ್ನೇ ಮದುವೆಯಾಗುವೆ ಎಂಬ ಶಾಪ ಹೊತ್ತು ಹುಟ್ಟಿದ ಹುಡುಗಿಯ ಕಥೆ ಅದು. ಗಂಡಸರ ಸಹವಾಸವೇ ಬೇಡವೆಂದು ಅವಳು ಕಾಡು ಸೇರುತ್ತಾಳೆ. ದಾರಿಹೋಕ ರಾಜನೊಬ್ಬ ಮೂತ್ರ ಮಾಡಿದ ಮರದ ಮಾವಿನಹಣ್ಣು ತಿಂದು ಬಸುರಾಗುತ್ತಾಳೆ. ಮಗುವನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಆ ಮಗ ಬೇರೊಂದು ಅರಮನೆಯಲ್ಲಿ ಬೆಳೆದು, ಬೇಟೆಗೆ ಬಂದು, ಗುರುತಿಲ್ಲದೆ ಅವಳನ್ನೇ ಮದುವೆಯಾಗುತ್ತಾನೆ. ಅವರಿಗೊಂದು ಗಂಡುಮಗು. ಅಪ್ಪನನ್ನು ಸುತ್ತಿದ್ದ ಬಟ್ಟೆಯನ್ನೇ ಮಗನಿಗೂ ಹಾಸುವುದು ಆ ಮನೆಯ ಪದ್ಧತಿ. ಪೆಟ್ಟಿಗೆಯಿಂದ ತೆಗೆದ ಆ ಬಟ್ಟೆ ತನ್ನ ಸೀರೆಯ ತುಂಡೆಂದು ಅವಳು ನೋಡಿದ ಕ್ಷಣವೇ ಗುರುತಿಸುತ್ತಾಳೆ. ರಾತ್ರಿ ಮಗುವಿಗೆ ಜೋಗುಳ ಹಾಡಿ, ಉಟ್ಟ ಸೀರೆಯಿಂದಲೇ ನೇಣು ಹಾಕಿಕೊಳ್ಳುತ್ತಾಳೆ.

ಇಲ್ಲಿ ತಂದೆಯ ಕೊಲೆಯಿಲ್ಲ. ಮಗನಿಗೆ ಏನೂ ಗೊತ್ತಾಗುವುದಿಲ್ಲ. ಎಲ್ಲವನ್ನೂ ಅರಿಯುವವಳು, ಅನುಭವಿಸುವವಳು ತಾಯಿ. ಇರಾವತಿ ಕರ್ವೆ ಮರಾಠಿಯಲ್ಲೂ ಇಂಥದೇ ಕಥೆಯನ್ನು 1950ರಲ್ಲಿ ದಾಖಲಿಸಿದ್ದರು. ಭಾರತದ ಈಡಿಪಸ್‌ನನ್ನು ಕುರಿತ ತಮ್ಮ ಪ್ರಬಂಧದಲ್ಲಿ ರಾಮಾನುಜನ್ ಫ್ರಾಯ್ಡ್‌ನನ್ನು ತಳ್ಳಿಹಾಕಲಿಲ್ಲ. ಕಥೆ ಯಾರ ಬಾಯಲ್ಲಿದೆ ಎಂದು ಕೇಳಿದರು. ನಮ್ಮಲ್ಲಿ ಮಗ ತಂದೆಯನ್ನು ಕೊಲ್ಲುವುದು ಅಪರೂಪ. ತಂದೆಯೇ ಮಗನ ಬಾಳನ್ನು ಬೇಡುತ್ತಾನೆ ಎಂದು ತೋರಿಸಿದರು. ಯಯಾತಿಗೆ ಪುರು ಯೌವನ ಕೊಟ್ಟ, ಶಂತನುವಿಗಾಗಿ ಭೀಷ್ಮ ಮದುವೆಯನ್ನೇ ಬಿಟ್ಟ. ಕಾರ್ನಾಡರ 'ಯಯಾತಿ' ನಾಟಕ ನೋಡಿದವರಿಗೆ ಇದು ಹೊಸದಲ್ಲ.

ಇದಕ್ಕೂ ಮುಂಚೆ, 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್ ಈಡಿಪಸ್ ವಿಷಯದಲ್ಲಿ ಫ್ರಾಯ್ಡ್‌ನೊಂದಿಗೆ ಪತ್ರಮುಖೇನ ಭಿನ್ನಮತ ವ್ಯಕ್ತಪಡಿಸಿದ್ದರು. 1931ರಲ್ಲಿ ಆ ಸಂಘ ಕಳಿಸಿದ ದಂತದ ವಿಷ್ಣು ಫ್ರಾಯ್ಡ್‌ನ ಮೇಜಿನ ಮೇಲೆ ಜಾಗ ಪಡೆಯಿತು. ಬೋಸರ ವಾದಕ್ಕೆ ಮಾತ್ರ ಅವನ ಸಿದ್ಧಾಂತದಲ್ಲಿ ಜಾಗ ಸಿಗಲಿಲ್ಲ.

ಕಥೆ ಯಾರ ಬಾಯಲ್ಲಿದೆ ಎಂಬುದೇ ಮುಖ್ಯವಾದ್ದರಿಂದ, ನಿಮ್ಮ ಮನೆಯಲ್ಲಿ ಕಥೆ ಬಲ್ಲ ಅಜ್ಜಿಯಿದ್ದರೆ ಈ ವಾರವೇ ಕೂತು ಕೇಳಿ, ಬರೆದಿಡಿ. ಹೇಳಿದವರ ಹೆಸರನ್ನೂ ಊರನ್ನೂ ಮರೆಯದೆ ಬರೆಯಿರಿ.