ರೋಬೊ ಬರುವ ಮುಂಚೆ ಹೊಲದ ತಯಾರಿ

ತಣಿಸಂದ್ರದವರು ಈಗ ರಾಗಿ ಹೊಲ ನೋಡಬೇಕೆಂದರೆ ರಾಚೇನಹಳ್ಳಿ ಕೆರೆ, ಜಕ್ಕೂರು ದಾಟಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೇ ಹೋಗಬೇಕು. ಅಲ್ಲಿನ ಕೃಷಿ ಮೇಳದಲ್ಲಿ ಹೊಸ ಯಂತ್ರ ಕಂಡರೆ ಸಾಕು, ‘ರೇಟೆಷ್ಟು ಸಾರ್?’ ಎಂದು ಜನ ಮುತ್ತುತ್ತಾರೆ. ನಮ್ಮ ಹೊಲ ಅದಕ್ಕೆ ಒಗ್ಗುತ್ತದೆಯೇ ಎಂದು ಕೇಳುವವರು ಕಡಿಮೆ. ತಾನೇ ಓಡಾಡುವ ರೋಬೊ ವಿಷಯದಲ್ಲಂತೂ ಮೊದಲು ಕೇಳಬೇಕಾದ್ದು ಅದನ್ನೇ. ಬದು ಎಲ್ಲಿದೆ ಎಂದು ಎತ್ತಿಗೆ ಯಾರೂ ಹೇಳಿಕೊಡಬೇಕಿಲ್ಲ. ರೋಬೊಗೆ ಎಲ್ಲವನ್ನೂ ಹೇಳಬೇಕು.

ಮೊಬೈಲಿನ ಜಿಪಿಎಸ್ ಮೂರು ನಾಲ್ಕು ಮೀಟರ್ ಆಚೀಚೆ ತೋರಿಸುತ್ತದೆ. ರಾಗಿ ಸಾಲುಗಳ ನಡುವಿನ ಅಂತರವೇ ಸುಮಾರು 30 ಸೆಂ.ಮೀ. ಆ ಜಿಪಿಎಸ್ ನಂಬಿ ಕಳೆ ತೆಗೆಯಹೊರಟರೆ ಪೈರೇ ಹೋದೀತು. ಸುಮಾರು 20 ಸಾವಿರ ಕಿ.ಮೀ. ಎತ್ತರದ ಉಪಗ್ರಹಗಳ ಸಂಕೇತ ಅಯಾನುಗೋಳ ಹಾದು ಬರುವಾಗ ತುಸು ತಡವಾಗುತ್ತದೆ, ಲೆಕ್ಕ ತಪ್ಪುತ್ತದೆ. ಇದಕ್ಕೆ ಮದ್ದು ಆರ್‌ಟಿಕೆ. ನೆಲೆ ಕರಾರುವಾಕ್ಕಾಗಿ ಗೊತ್ತಿರುವ ಜಾಗದಲ್ಲಿ ಒಂದು ರಿಸೀವರ್ ಇಟ್ಟರೆ, ಎಷ್ಟು ತಪ್ಪಾಗುತ್ತಿದೆ ಎಂದು ಅದು ಕ್ಷಣಕ್ಷಣವೂ ಲೆಕ್ಕ ಹಾಕಿ ಹೊಲದ ಯಂತ್ರಕ್ಕೆ ತಿಳಿಸುತ್ತದೆ. ಹತ್ತಿರದ ಎರಡು ಜಾಗಗಳಿಗೆ ತಪ್ಪು ಹೆಚ್ಚುಕಡಿಮೆ ಒಂದೇ ಆದ್ದರಿಂದ, ಕಳೆದರೆ ಉಳಿಯುವುದು ಎರಡು ಮೂರು ಸೆಂಟಿಮೀಟರ್. ಭೂಮಾಪನಕ್ಕೆಂದು ಸರ್ವೆ ಆಫ್ ಇಂಡಿಯಾ ಕರ್ನಾಟಕದಲ್ಲೂ ಇಂಥ ಕೇಂದ್ರಗಳ ಜಾಲ ಹಾಕಿದೆ. ಅದರ ಮಾಹಿತಿ ಬರುವುದು ಇಂಟರ್ನೆಟ್ಟಿನಲ್ಲಿ. ಹಾಗಾಗಿ ಹೊಲದ ಮೂಲೆಮೂಲೆಯಲ್ಲೂ ಸಿಗ್ನಲ್ ನೋಡಿಕೊಳ್ಳಬೇಕು. ಬದುವಿನ ಹುಣಸೆ ಮರ ಆಕಾಶ ಮುಚ್ಚಿದರೂ ತೊಂದರೆಯೇ. ಅದಕ್ಕಾಗಿ ಮರ ಕಡಿಯುವುದು ಬೇಡ, ಆ ಜಾಗ ಬಿಟ್ಟು ಓಡಿಸಿದರಾಯಿತು. ಇನ್ನೊಂದು ನಮ್ಮ ಅಕ್ಷಾಂಶದ ಕಾಟ: ಸೂರ್ಯ ಮುಳುಗಿದ ಮೇಲೆ ಕೆಲವು ರಾತ್ರಿ, ಅದರಲ್ಲೂ ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ, ಅಯಾನುಗೋಳ ಕದಡಿ ಸಂಕೇತ ತಡವರಿಸುತ್ತದೆ.

ಇನ್ನು ಸಾಲು. ಎಳೆಯ ರಾಗಿ ಪೈರಿಗೂ ಕಾಡುರಾಗಿಗೂ ಎಷ್ಟು ಹೋಲಿಕೆಯೆಂದರೆ ಪಳಗಿದ ಕಣ್ಣೂ ಏಮಾರುತ್ತದೆ. ಎರಚಿ ಬಿತ್ತಿದ ಹೊಲದಲ್ಲಿ ರೋಬೊದ ಕ್ಯಾಮೆರಾ ಏನು ಮಾಡೀತು? ಇದಕ್ಕೆ ಉತ್ತರ ಹಾವೇರಿ ಕಡೆಯ ಗುಳಿ ರಾಗಿಯಲ್ಲಿದೆ. ಅಲ್ಲಿ ಹೊಲದ ಉದ್ದಕ್ಕೂ ಅಡ್ಡಕ್ಕೂ ಸುಮಾರು ಒಂದೂವರೆ ಅಡಿಗೊಂದು ಗೆರೆ ಎಳೆದು, ಗೆರೆಗಳು ಕೂಡುವಲ್ಲಿ ಸಸಿ ನೆಡುತ್ತಾರೆ; ಎಡೆಕುಂಟೆ ಎರಡೂ ದಿಕ್ಕಿಗೆ ಹೊಡೆಯುತ್ತಾರೆ. ರೋಬೊಗೆ ಇದಕ್ಕಿಂತ ಅನುಕೂಲದ ಹೊಲ ನನಗಂತೂ ಕಾಣದು. ಚೌಕದ ಮೂಲೆಯಲ್ಲಿದ್ದರೆ ಬೆಳೆ, ಉಳಿದದ್ದೆಲ್ಲ ಕಳೆ.

ತಿರುಗುವ ಜಾಗಕ್ಕೂ ಲೆಕ್ಕವಿದೆ. 2015-16ರ ಕೃಷಿ ಗಣತಿಯಂತೆ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್; ಇಷ್ಟು ಚಿಕ್ಕ ಹೊಲದಲ್ಲಿ ತಿರುಗಲು ಬಿಡುವ ನೆಲವೂ ಲೆಕ್ಕಕ್ಕೆ ಬರುತ್ತದೆ. 40 ಮೀಟರ್ ಅಗಲ, 100 ಮೀಟರ್ ಉದ್ದದ ಎಕರೆಯಲ್ಲಿ ಉದ್ದಕ್ಕೆ ಸಾಲು ಹಿಡಿದು ಎರಡೂ ತುದಿಗೆ ಮೂರು ಮೀಟರ್ ಬಿಟ್ಟರೆ ಹೋಗುವ ನೆಲ ಶೇ 6. ಅಗಲಕ್ಕೆ ಹಿಡಿದರೆ ಶೇ 15. ಇಳಿಜಾರಿದ್ದರೆ ಮಾತ್ರ ಈ ಲೆಕ್ಕ ಬದಿಗಿಟ್ಟು ಇಳಿಜಾರಿಗೆ ಅಡ್ಡಕ್ಕೇ ಸಾಲು ಹಿಡಿಯಬೇಕು, ಮಣ್ಣು ಕೊಚ್ಚಿಹೋಗಬಾರದಲ್ಲ.

2017ರಲ್ಲಿ ಇಂಗ್ಲೆಂಡಿನ ಹಾರ್ಪರ್ ಆಡಮ್ಸ್ ವಿಶ್ವವಿದ್ಯಾಲಯದವರು ಒಂದು ಹೆಕ್ಟೇರ್ ಬಾರ್ಲಿಯನ್ನು ಬಿತ್ತನೆಯಿಂದ ಕೊಯ್ಲಿನವರೆಗೆ ಯಾರೂ ಹೊಲಕ್ಕೆ ಕಾಲಿಡದೆ ಬೆಳೆದರು. ಅವರು ಬಳಸಿದ್ದು ಪುಟ್ಟ ಟ್ರಾಕ್ಟರಿಗೆ ಜೋಡಿಸಿದ ಡ್ರೋನಿನ ಆಟೊಪೈಲಟ್. ನಮ್ಮಲ್ಲಿ ಹಾಗೆ ಯಾರೂ ಇಲ್ಲದೆ ಯಂತ್ರ ಓಡಬೇಕಾದರೆ ತೆರೆದ ಬಾವಿ, ಬೋರ್‌ವೆಲ್ ಕೇಸಿಂಗ್, ಡ್ರಿಪ್ ಪೈಪು, ಕರೆಂಟ್ ಕಂಬದ ಸ್ಟೇ ವೈರ್ ಎಲ್ಲವೂ ನಕ್ಷೆಯಲ್ಲಿರಬೇಕು. ಸ್ಟೇ ವೈರ್ ಸಣ್ಣದು, ಕ್ಯಾಮೆರಾಕ್ಕೆ ಸುಲಭವಾಗಿ ಕಾಣುವುದಿಲ್ಲ. ರೋಬೊವನ್ನು ಸಣ್ಣ ರೈತರು ಕೊಳ್ಳಲಾರರು, ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರದಿಂದ ತಂದಾರು. ಹಾಗಾಗಿ ಹೊಲದ ನಕ್ಷೆ ರೈತರ ಕೈಯಲ್ಲೇ ಇರಬೇಕು. ಮುಂದಿನ ಮುಂಗಾರಿಗೆ ಬೇರೆ ಕಂಪನಿಯ ಯಂತ್ರ ಬಂದರೂ ಅದೇ ಫೈಲು ನಡೆಯಬೇಕು.