ಹಿಮವಿಲ್ಲದ ಊರಿನಲ್ಲಿ ಹಿಮದ ಸಿಹಿ

ಶೀತದೇಶಗಳಲ್ಲಿ ಹೊಸ ಹಿಮವು ಬಿದ್ದೊಡನೆ ಅದನ್ನು ಬಟ್ಟಲಿನಲ್ಲಿ ತುಂಬಿ, ಹಾಲು ಸಕ್ಕರೆಗಳನ್ನು ಬೆರೆಸಿ, ಕರಗುವುದರೊಳಗೆ ಮಕ್ಕಳಿಗೆ ಕೊಡುವ ವಾಡಿಕೆಯುಂಟು. ಹಿಮದ ಹಳಕುಗಳ ನಡುವೆ ಗಾಳಿಯೇ ಹೆಚ್ಚಾಗಿರುವುದರಿಂದ ಅದು ಹಾಲನ್ನು ಹೀರಿಕೊಂಡು ಮೃದುವಾದ ಭಕ್ಷ್ಯವಾಗುತ್ತದೆ.

ನಮ್ಮ ಧಾರವಾಡದ ಸಪ್ತಾಪುರಕ್ಕೆ ಆ ಭಾಗ್ಯವಿಲ್ಲ. ಏಪ್ರಿಲ್‌, ಮೇ ತಿಂಗಳುಗಳ ಗುಡುಗುಮಳೆಯಲ್ಲಿ ಒಮ್ಮೊಮ್ಮೆ ಆಣೆಕಲ್ಲು ಬೀಳುವುದು. ಮಕ್ಕಳು ಅಂಗಳಕ್ಕೆ ಓಡಿ, ಆಯ್ದು, ಬಾಯಿಗೆ ಹಾಕಿಕೊಳ್ಳುವರು. ಆದರೆ ಆಣೆಕಲ್ಲು ಗಟ್ಟಿಯಾದ ಮಂಜುಗಡ್ಡೆ. ಅದು ಹಾಲನ್ನು ಹೀರದು. ನೆಲದ ಕೊಳೆಯೂ ಅದಕ್ಕೆ ಅಂಟಿರುತ್ತದೆ. ಪೇಟೆಯ ಮಂಜುಗಡ್ಡೆಯನ್ನು ಹೆರೆದು ಬಣ್ಣದ ಪಾನಕ ಸುರಿದು ತಿನ್ನೋಣವೆಂದರೆ, ಅದು ಎಂತಹ ನೀರಿನಿಂದಾದುದೆಂದು ಬಲ್ಲವರಾರು? ವಿಷಮಶೀತಜ್ವರದ ಕ್ರಿಮಿಗಳು ನೀರು ಹೆಪ್ಪುಗಟ್ಟಿದ ಮಾತ್ರಕ್ಕೆ ಸಾಯುವುವಲ್ಲ. ಅವುಗಳನ್ನು ಕೊಲ್ಲುವುದು ಕುದಿ, ಚಳಿಯಲ್ಲ.

ಹಾಗಾದರೆ ಬೇಸಗೆಯಲ್ಲಿ ಮಕ್ಕಳಿಗೆ ತಂಪಾದ ಸಿಹಿ ಬೇಡವೆ? ಬೇಕು. ಮಂಜುಗಡ್ಡೆಯನ್ನು ತಿನ್ನದೆ ಅದರ ಚಳಿಯನ್ನು ಮಾತ್ರ ಪಡೆಯುವ ಉಪಾಯವೊಂದುಂಟು. ಕುಲ್ಫಿ ಮಾಡುವವರು ಅದನ್ನು ಬಹುಕಾಲದಿಂದ ಬಲ್ಲರು.

ಒಂದು ಲೀಟರು ಹಾಲನ್ನು ಅರ್ಧವಾಗುವವರೆಗೆ ಕಾಯಿಸಿ, 100 ಗ್ರಾಂ ಸಕ್ಕರೆಯನ್ನೂ ತುಸು ಏಲಕ್ಕಿಪುಡಿಯನ್ನೂ ಹಾಕಿ ಚೆನ್ನಾಗಿ ಆರಿಸಬೇಕು. ಧಾರವಾಡದ ಆಪೂಸು ಮಾವು ಸಿಕ್ಕುವ ಕಾಲವಾದರೆ, ಹಣ್ಣನ್ನು ತೊಳೆದು ಅದರ ತಿರುಳನ್ನು ಆರಿದ ಹಾಲಿಗೆ ಸೇರಿಸಬಹುದು. ಇದನ್ನು ಬಿಗಿಯಾದ ಮುಚ್ಚಳವುಳ್ಳ ಲೋಹದ ಡಬ್ಬಿಗೆ ತುಂಬಿ, ಬಾಯಿಯ ಹತ್ತಿರ ಸ್ವಲ್ಪ ತೆರಪು ಬಿಡಬೇಕು. ಅಗಲವಾದ ಬಕೆಟ್ಟಿನಲ್ಲಿ ಡಬ್ಬಿಯನ್ನಿಟ್ಟು, ಸುತ್ತಲೂ ಪುಡಿಮಾಡಿದ ಮಂಜುಗಡ್ಡೆ 3 ಪಾಲು, ಹರಳುಪ್ಪು 1 ಪಾಲು, ಹೀಗೆ ಪದರಪದರವಾಗಿ ತುಂಬತಕ್ಕದ್ದು. ಉಪ್ಪುನೀರು ಮುಚ್ಚಳದವರೆಗೆ ಏರಬಾರದು.

ಉಪ್ಪೇಕೆ? ಶುದ್ಧ ಮಂಜುಗಡ್ಡೆ ಕರಗುವುದು 0 ಡಿಗ್ರಿಯಲ್ಲಿ. ಸಕ್ಕರೆ ಕರಗಿದ ಹಾಲು ಗಟ್ಟಿಯಾಗಲು ಅದಕ್ಕಿಂತ ಹೆಚ್ಚಿನ ಚಳಿ ಬೇಕು. ಉಪ್ಪು ಸೇರಿದರೆ ಮಂಜುಗಡ್ಡೆ 0 ಡಿಗ್ರಿಗಿಂತ ಕೆಳಗೂ ಕರಗುತ್ತಲೇ ಇರುತ್ತದೆ. ಕರಗುವ ಒಂದೊಂದು ಗ್ರಾಮಿಗೂ ಸುಮಾರು 80 ಕ್ಯಾಲರಿ ಶಾಖ ಬೇಕಾಗುವುದರಿಂದ, ಅದನ್ನು ಡಬ್ಬಿಯೊಳಗಿನ ಹಾಲಿನಿಂದಲೂ ಸೆಳೆದುಕೊಳ್ಳುತ್ತದೆ. ಮಿಶ್ರಣವು ಸರಿಯಾಗಿದ್ದರೆ ಚಳಿಯು ಸೊನ್ನೆಯ ಕೆಳಗೆ 21 ಡಿಗ್ರಿಯವರೆಗೂ ಇಳಿಯಬಲ್ಲುದು. ಮನೆಯ ಬಕೆಟ್ಟಿನಲ್ಲಿ ಅಷ್ಟು ಇಳಿಯದಿದ್ದರೂ ನಮ್ಮ ಕೆಲಸಕ್ಕೆ ಸಾಲುತ್ತದೆ.

ಡಬ್ಬಿಯನ್ನು ಆಗಾಗ ತಿರುಗಿಸುತ್ತ, ಹತ್ತು ನಿಮಿಷಕ್ಕೊಮ್ಮೆ ಮುಚ್ಚಳವನ್ನು ಒರೆಸಿ ತೆರೆದು, ಅಂಚಿಗೆ ಕಟ್ಟಿದ ಹಾಲನ್ನು ಶುಚಿಯಾದ ಚಮಚದಿಂದ ಕೆದಕಿ ಕಲಕಬೇಕು. ಕಲಕದಿದ್ದರೆ ದೊಡ್ಡ ಹರಳುಗಳಾಗಿ ನಾಲಿಗೆಗೆ ಒರಟಾಗುವುದು. ಮುಕ್ಕಾಲು ಗಂಟೆಯ ಹೊತ್ತಿಗೆ ಹಾಲು ಬೆಣ್ಣೆಯಂತೆ ಬಿಗಿಯುತ್ತದೆ. ಉಪ್ಪುಬೆರೆತ ಮಂಜುಗಡ್ಡೆಯನ್ನು ಮಕ್ಕಳು ಕೈಯಲ್ಲಿ ಹಿಡಿಯಬಾರದು, ಚರ್ಮಕ್ಕೆ ಗಾಯವಾದೀತು. ಉಳಿದ ಉಪ್ಪುನೀರನ್ನು ಗಿಡದ ಬುಡಕ್ಕೆ ಸುರಿಯಲೂ ಬಾರದು.

ಇಲ್ಲಿ ನೆನಪಿಡತಕ್ಕ ಮಾತು ಒಂದೇ: ಕುದಿಸಿದ ಹಾಲು ಒಳಗೆ, ಸಂಶಯದ ಮಂಜುಗಡ್ಡೆ ಹೊರಗೆ. ಇವೆರಡರ ನಡುವಣ ತಗಡು ಭದ್ರವಾಗಿದ್ದರೆ, ಹಿಮ ಬೀಳದ ನಮ್ಮ ಊರಿನ ಮಕ್ಕಳೂ ನಿಶ್ಚಿಂತೆಯಿಂದ ಹಿಮದ ಸಿಹಿಯನ್ನು ಸವಿಯಬಹುದು.